ಹಿಜರಿ ಶಕೆ 622ರಿಂದಲೇ ಏಕೆ?

ಇಸ್ಲಾಮಿನ ಆರಂಭದ ಇತಿಹಾಸವನ್ನು ಓದಲು ಕೂತವರಿಗೆ ಮೊದಲಿಗೇ ಮೂರು ಇಸವಿಗಳು ಎದುರಾಗುತ್ತವೆ. ಪ್ರವಾದಿ ಮುಹಮ್ಮದರು ಹುಟ್ಟಿದ್ದು ಸುಮಾರು 570ರಲ್ಲಿ, ಹಿರಾ ಗುಹೆಯಲ್ಲಿ ಅವರಿಗೆ ಮೊದಲ ದಿವ್ಯವಾಣಿ ಬಂದದ್ದು 610ರ ಹೊತ್ತಿಗೆ, ಮಕ್ಕಾ ತೊರೆದು ಯಸ್ರಿಬ್ ಸೇರಿದ್ದು 622ರಲ್ಲಿ. ಜನನವನ್ನೂ ದಿವ್ಯವಾಣಿಯನ್ನೂ ಬಿಟ್ಟು ಊರು ತೊರೆದ ವರ್ಷವನ್ನೇ ಮುಸ್ಲಿಮರ ವರ್ಷಗಣನೆಯಾದ ಹಿಜರಿ ಶಕೆಯ ಮೊದಲ ವರ್ಷವೆಂದು ಎಣಿಸಿದ್ದೇಕೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಅಂದಿನ ಮಕ್ಕಾದಲ್ಲಿ ರಾಜನೂ ಇರಲಿಲ್ಲ, ಕಾವಲು ಪಡೆಯೂ ಇರಲಿಲ್ಲ. ಒಬ್ಬನ ಪ್ರಾಣಕ್ಕೆ ರಕ್ಷಣೆಯೆಂದರೆ ಅವನ ಕುಲ. ಅವನನ್ನು ಕೊಂದರೆ ಇಡೀ ಕುಲ ಸೇಡಿಗೆ ನಿಲ್ಲುತ್ತದೆ ಎಂಬ ಭಯವೇ ಕಾನೂನಿನ ಕೆಲಸ ಮಾಡುತ್ತಿತ್ತು. ಮುಹಮ್ಮದರು ಖುರೈಶ್ ಬುಡಕಟ್ಟಿನ ಹಾಶಿಂ ಕುಲದವರು. ಅವರ ಬೋಧನೆಯನ್ನು ಖುರೈಶ್ ಮುಖಂಡರು ಎಷ್ಟೇ ವಿರೋಧಿಸಿದರೂ, ಅವರ ತಂದೆಯ ಸಹೋದರ ಅಬೂ ತಾಲಿಬ್ ಕುಲದ ಹಿರಿಯರಾಗಿರುವವರೆಗೆ ಅವರ ಮೇಲೆ ಕೈಮಾಡುವುದು ಸುಲಭವಿರಲಿಲ್ಲ. 619ರಲ್ಲಿ ಪತ್ನಿ ಖದೀಜಾ ಮತ್ತು ಅಬೂ ತಾಲಿಬ್ ಇಬ್ಬರೂ ತೀರಿಕೊಂಡರು. ಈ ವರ್ಷವನ್ನು ಪಠ್ಯಗಳು ‘ದುಃಖದ ವರ್ಷ’ವೆಂದು ಹೇಳಿ ಮುಂದೆ ಸಾಗುತ್ತವೆ, ನನ್ನ ಮಟ್ಟಿಗೆ ಅದರ ರಾಜಕೀಯ ತೂಕವೂ ಅಷ್ಟೇ ದೊಡ್ಡದು, ಏಕೆಂದರೆ ಮುಂದೆ ಕುಲದ ಮುಖ್ಯಸ್ಥನಾದ ಅಬೂ ಲಹಬ್ ಆ ರಕ್ಷಣೆಯನ್ನು ಹಿಂತೆಗೆದುಕೊಂಡ.

ಮಕ್ಕಾದ ಉತ್ತರಕ್ಕಿದ್ದ ಯಸ್ರಿಬ್ ಖರ್ಜೂರದ ತೋಟಗಳ ಊರು. ಅಲ್ಲಿಯ ಔಸ್ ಮತ್ತು ಖಜ್ರಜ್ ಬುಡಕಟ್ಟುಗಳು ಕಾದಾಡಿ ದಣಿದಿದ್ದವು; ಯಾವ ಬಣಕ್ಕೂ ಸೇರದ ಮಧ್ಯಸ್ಥರೊಬ್ಬರು ಅವರಿಗೆ ಬೇಕಾಗಿದ್ದರು. 622ರಲ್ಲಿ ಮಕ್ಕಾದ ಬಳಿಯ ಅಕಬಾದಲ್ಲಿ ಆ ಊರಿನ ಎಪ್ಪತ್ತಕ್ಕೂ ಹೆಚ್ಚು ಜನ, ತಮ್ಮ ಹೆಂಡಿರು ಮಕ್ಕಳನ್ನು ಕಾಯುವಂತೆಯೇ ಮುಹಮ್ಮದರನ್ನು ಕಾಯುವುದಾಗಿ ಮಾತು ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ರಕ್ತಸಂಬಂಧವಿಲ್ಲದವರು ರಕ್ತಸಂಬಂಧಿಗಳ ಹೊಣೆಯನ್ನು ಹೊತ್ತರು ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ಅನುಯಾಯಿಗಳು ಸಣ್ಣ ಗುಂಪುಗಳಲ್ಲಿ ಮೊದಲೇ ಹೊರಟರು. ಕೊನೆಗೆ ಪ್ರವಾದಿಯವರೂ ಅವರ ಆಪ್ತ ಸಂಗಾತಿ ಅಬೂಬಕರರೂ, ಯಸ್ರಿಬ್ ಉತ್ತರಕ್ಕಿದ್ದರೂ, ಮೊದಲು ದಕ್ಷಿಣಕ್ಕೆ ನಡೆದು ಸೌರ್ ಗುಹೆಯಲ್ಲಿ ಮೂರು ದಿನ ಅಡಗಿದ್ದು, ಅರಸುವವರ ಕಣ್ಣು ತಪ್ಪಿಸಿ ಪಯಣ ಮುಂದುವರಿಸಿದರು. ಈ ವಲಸೆಯೇ ಹಿಜ್ರಾ. ಯಸ್ರಿಬ್ ಮುಂದೆ ಮದೀನಾ ಎನಿಸಿತು.

ಅಲ್ಲಿ ಆದ ಒಪ್ಪಂದದ ಪಠ್ಯವನ್ನು ಪ್ರವಾದಿಯವರ ಚರಿತ್ರೆ ಬರೆದ ಇಬ್ನ್ ಇಸ್ಹಾಕ್ ಉಳಿಸಿಕೊಟ್ಟಿದ್ದಾರೆ. ಮಕ್ಕಾದಿಂದ ಬಂದ ಮುಹಾಜಿರರು, ಆಶ್ರಯ ಕೊಟ್ಟ ಅನ್ಸಾರರು, ಅವರೊಂದಿಗೆ ಸೇರಿಕೊಂಡವರು ಎಲ್ಲರೂ ‘ಒಂದು ಉಮ್ಮಾ’, ಎಂದರೆ ಒಂದೇ ಸಮುದಾಯ, ಎಂದು ಅದು ಸಾರುತ್ತದೆ. ಯಹೂದಿಗಳಿಗೆ ಅವರ ಧರ್ಮ ಅವರದೇ ಎನ್ನುತ್ತದೆ. ಕೊಲೆಗೆ ಪರಿಹಾರಧನ ಕೊಡುವ ಹೊಣೆ ಹಿಂದಿನಂತೆ ಕುಲಗಳಲ್ಲೇ ಉಳಿಯಿತಾದರೂ, ವ್ಯಾಜ್ಯಗಳು ಅಲ್ಲಾಹ್ ಮತ್ತು ಮುಹಮ್ಮದರ ಮುಂದೆ ಬರಬೇಕೆಂದಾಯಿತು. ಕುಲ ಅಳಿಯಲಿಲ್ಲ, ಅದರ ಮೇಲೊಂದು ಚಾವಣಿ ಬಂತು. ಎಣಿಕೆ ಊರು ತೊರೆದ ವರ್ಷದಿಂದಲೇ ಏಕೆ ಎಂಬುದಕ್ಕೆ ನನಗೆ ಕಾಣುವ ಉತ್ತರ ಇದೇ.

ಶಕೆಯನ್ನು ಗೊತ್ತುಮಾಡಿದ್ದು ಎರಡನೆಯ ಖಲೀಫ ಉಮರ್, ಹಿಜ್ರಾ ಆಗಿ ಸುಮಾರು ಹದಿನಾರು ವರ್ಷಗಳ ಮೇಲೆ. ಶಾಬಾನ್ ತಿಂಗಳಲ್ಲಿ ಹಣ ಸಲ್ಲಬೇಕೆಂಬ ಪತ್ರ ಬಂದಾಗ ‘ಯಾವ ಶಾಬಾನ್?’ ಎಂದು ಅವರು ಕೇಳಿದರೆಂಬ ಕಥನವಿದೆ. ವಲಸೆ ಮುಗಿದದ್ದು ಸೆಪ್ಟೆಂಬರಿನಲ್ಲಾದರೂ ಎಣಿಕೆಯನ್ನು ಆ ವರ್ಷದ ಮುಹರ್ರಮ್ 1ರಿಂದ, ಎಂದರೆ 622ರ ಜುಲೈ ಮಧ್ಯದಿಂದ ಹಿಡಿದರು.

ಇಲ್ಲಿ ಕಲಿಯುವವರು ಎಡವುವುದುಂಟು. ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಅಧಿಕ ಮಾಸ ಬಂದು ಯುಗಾದಿಯನ್ನು ವಸಂತದಲ್ಲೇ ಹಿಡಿದಿಡುತ್ತದೆ. ಅರಬರಲ್ಲಿದ್ದ ಅಂಥದೇ ಪದ್ಧತಿಯನ್ನು ಕುರ್‌ಆನ್ ನಿಷೇಧಿಸಿತು. ಹೀಗಾಗಿ ಹಿಜರಿ ವರ್ಷಕ್ಕೆ ಸುಮಾರು 354 ದಿನಗಳಷ್ಟೇ, ರಂಜಾನ್ ಎಲ್ಲ ಋತುಗಳಲ್ಲೂ ಸುತ್ತುತ್ತದೆ. ವಿಜಯಪುರದ ಗೋಳಗುಮ್ಮಟದ ಶಾಸನ ಮುಹಮ್ಮದ್ ಆದಿಲ್ ಶಾಹನ ಮರಣವನ್ನು ಹಿಜರಿ 1067 ಎಂದು ಸೂಚಿಸುತ್ತದೆ. ಅದಕ್ಕೆ 622 ಕೂಡಿಸಿದರೆ 1689 ಬರುತ್ತದೆ. ಆತ ತೀರಿಕೊಂಡದ್ದು 1656ರಲ್ಲಿ. ಮೊದಲು 1067ನ್ನು 0.97ರಿಂದ (354ನ್ನು 365ರಿಂದ ಭಾಗಿಸಿದರೆ ಬರುವ ಸಂಖ್ಯೆ) ಗುಣಿಸಿ ಆಮೇಲೆ 622 ಕೂಡಿಸಬೇಕು. ಆಗಲೂ ಒಂದು ವರ್ಷ ಹೆಚ್ಚುಕಡಿಮೆ ಆಗಬಹುದು.

ಈ ಎಣಿಕೆ ಬೇಗನೆ ಬಳಕೆಗೆ ಬಂದುದಕ್ಕೆ ವಿಯೆನ್ನಾದಲ್ಲಿರುವ ಒಂದು ಪಪೈರಸ್ ಹಾಳೆ ಸಾಕ್ಷಿ. ಈಜಿಪ್ಟಿನಲ್ಲಿ ಸೇನೆಗಾಗಿ 65 ಕುರಿಗಳನ್ನು ಪಡೆದುದಕ್ಕೆ ಗ್ರೀಕ್ ಮತ್ತು ಅರಬಿ ಎರಡರಲ್ಲೂ ಬರೆದುಕೊಟ್ಟ ರಸೀದಿ ಅದು. ಕಾಲ 643. ಹಿಜ್ರಾ ಎಂಬ ಪದ ಅದರಲ್ಲಿಲ್ಲ. ಅರಬಿ ಸಾಲಿನಲ್ಲಿ ತಿಂಗಳ ಹೆಸರಿದೆ, ಮುಂದೆ ‘ವರ್ಷ ಇಪ್ಪತ್ತೆರಡು’ ಎಂದಷ್ಟೇ ಇದೆ.