ಸ್ಪೀಕರ್ ಮೋಟರ್‌ಗೆ ಎರಡು ಗ್ಯಾಪ್ ಯಾಕೆ ಬೇಕಾಯಿತು?

ಸ್ಪೀಕರ್ ಕೋನ್ ಹಿಂದೆ ಉಂಗುರದಂಥ ಒಂದು ಕಿರಿದಾದ ಸಂದು ಇರುತ್ತದೆ, ಅದೇ ಗ್ಯಾಪ್. ಆಯಸ್ಕಾಂತದ ಬಲವೆಲ್ಲ ಅಲ್ಲೇ ಸೇರುತ್ತದೆ. ಅದರೊಳಗೆ ಕೋನ್‌ಗೆ ಅಂಟಿಕೊಂಡ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಹಿಂದೆ ಮುಂದೆ ಓಡಾಡುತ್ತದೆ. ಇದೆಲ್ಲ ಸೇರಿದ್ದೇ ಸ್ಪೀಕರ್‌ನ ಮೋಟರ್. 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ವಿವರಿಸಿದ ಈ ಏರ್ಪಾಡು ಇವತ್ತಿಗೂ ಬದಲಾಗಿಲ್ಲ.

ಹಾಗಿದ್ದರೆ ಎರಡನೇ ಗ್ಯಾಪ್ ಯಾಕೆ? ಇದಕ್ಕೆ ಎರಡು ಬೇರೆ ಬೇರೆ ಉತ್ತರಗಳಿವೆ. ಎರಡಕ್ಕೂ 'ಡ್ಯುಯಲ್ ಗ್ಯಾಪ್' ಅಂತಲೇ ಹೆಸರು. ಅದಕ್ಕೇ ಹೋಲಿಸುವಾಗ ಗೊಂದಲ ಜಾಸ್ತಿ.

ಮೊದಲನೆಯದು ಬಿಸಿಯ ಸಮಸ್ಯೆ. ತಾಮ್ರದ ಕಾಯಿಲ್ 200 ಡಿಗ್ರಿಯಷ್ಟು ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಮುಕ್ಕಾಲು ಪಾಲು ಹೆಚ್ಚುತ್ತದೆ. ವಾಲ್ಯೂಮ್ ಏರಿಸಿದಷ್ಟು ಸದ್ದು ಏರುವುದಿಲ್ಲ. 1980ರ ದಶಕದಲ್ಲಿ ನಿಯೋಡೈಮಿಯಂ ಎಂಬ ಪ್ರಬಲ ಆಯಸ್ಕಾಂತ ಬಂತು. ಕಾಯಿಲ್‌ನ ಒಳಗೇ ಕೂರುವಷ್ಟು ಚಿಕ್ಕ ಆಯಸ್ಕಾಂತಕ್ಕೂ ಸಾಕಷ್ಟು ಬಲ ಸಿಕ್ಕಿತು. 1990ರ ದಶಕದಲ್ಲಿ ಸ್ಪೀಕರ್ ಕಂಪನಿ ಜೆಬಿಎಲ್‌ನ ಡಗ್ ಬಟನ್ ಇದನ್ನೇ ಬಳಸಿಕೊಂಡು 'ಡಿಫರೆನ್ಷಿಯಲ್ ಡ್ರೈವ್' ರೂಪಿಸಿದರು. ಇದರಲ್ಲಿ ಗ್ಯಾಪ್ ಎರಡು, ಕಾಯಿಲ್ ಕೂಡ ಎರಡು. ಕಾಂತದ ಹರಿವು ಒಂದು ಗ್ಯಾಪ್‌ನಲ್ಲಿ ಹೊರಗೆ ಹೋಗಿ ಇನ್ನೊಂದರಲ್ಲಿ ಒಳಗೆ ಮರಳುತ್ತದೆ. ಹಾಗಾಗಿ ಎರಡನೇ ಕಾಯಿಲ್‌ ಅನ್ನು ಉಲ್ಟಾ ಸುತ್ತಬೇಕು. ಇಲ್ಲದಿದ್ದರೆ ಒಂದು ತಳ್ಳಿದಾಗ ಇನ್ನೊಂದು ಎಳೆದು, ಕೋನ್ ಅಲ್ಲಾಡುವುದೇ ಇಲ್ಲ. ಬಿಸಿ ಎರಡು ಕಡೆ ಹಂಚಿಹೋಗುತ್ತದೆ, ಇಂಡಕ್ಟನ್ಸ್ (ಕರೆಂಟ್‌ನ ಬದಲಾವಣೆಗೆ ಕಾಯಿಲ್ ಒಡ್ಡುವ ತಡೆ) ಇಳಿಯುತ್ತದೆ, ತೂಕವೂ ಕಡಿಮೆ. ಒಂದೇ ಹರಿವಿನಿಂದ ಎರಡು ಸಲ ಕೆಲಸ ತೆಗೆಯುವುದು ನನಗಂತೂ ತುಂಬಾ ಇಷ್ಟವಾದ ಜಾಣ್ಮೆ.

ಎರಡನೆಯದು ಓಟದ ಸಮಸ್ಯೆ. ಬೇಸ್‌ಗೆ, ಅಂದರೆ ತಗ್ಗಿನ ಸ್ವರಗಳಿಗೆ, ಕೋನ್ ದೂರ ಓಡಬೇಕು. ಕಾಯಿಲ್ ಗ್ಯಾಪ್‌ನಿಂದ ಆಚೆ ಜಾರಿದರೆ ತಳ್ಳುವ ಬಲ ಕುಸಿದು ಸದ್ದು ಕೆಡುತ್ತದೆ. 2000ದ ದಶಕದ ಆರಂಭದಲ್ಲಿ ಅಡೈರ್ ಆಡಿಯೊ ಕಂಪನಿಯ ಡ್ಯಾನ್ ವಿಗಿನ್ಸ್ 'ಎಕ್ಸ್‌ಬಿಎಲ್ ಸ್ಕ್ವೇರ್ಡ್' ತಂದರು. ಇಲ್ಲಿ ಕಾಯಿಲ್ ಒಂದೇ. ಎರಡೂ ಗ್ಯಾಪ್‌ಗಳ ಹರಿವು ಒಂದೇ ದಿಕ್ಕಿಗೆ. ಕಾಯಿಲ್ ಒಂದು ಗ್ಯಾಪ್‌ನಲ್ಲಿ ಕಳೆದುಕೊಂಡಷ್ಟನ್ನು ಇನ್ನೊಂದರಲ್ಲಿ ಪಡೆಯುತ್ತದೆ.

ಲೆಕ್ಕ ಹಾಕಿ ನೋಡೋಣ. ಎತ್ತರ 8 ಮಿ.ಮೀ. ಇರುವ ಒಂದೇ ಗ್ಯಾಪ್‌ನಲ್ಲಿ ಎರಡೂ ಕಡೆಗೆ 10 ಮಿ.ಮೀ. ಸಮನಾದ ಓಟ ಬೇಕಾದರೆ 28 ಮಿ.ಮೀ. ಕಾಯಿಲ್ ಬೇಕು. ಅದೇ ಗ್ಯಾಪ್‌ ಅನ್ನು 4 ಮಿ.ಮೀ.ಯ ಎರಡು ಭಾಗ ಮಾಡಿ, ನಡುವೆ 8 ಮಿ.ಮೀ. ಬಿಟ್ಟರೆ 12 ಮಿ.ಮೀ. ಸಾಕು! ಅಂಚಿನಲ್ಲಿ ಚೆಲ್ಲುವ ಹರಿವಿನಿಂದ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ.

ಆದರೆ ಇದು ಪುಕ್ಕಟೆ ಅಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಕಾಯಿಲ್‌ಗೆ ಸಿಗುವುದು ಒಂದು ಗ್ಯಾಪ್‌ನಷ್ಟು ಕಾಂತ ಮಾತ್ರ, ಉಳಿದರ್ಧ ಸುಮ್ನೆ ಹೋಗುತ್ತದೆ. ಆಳವಾದ ಬೇಸ್ ಕೊಡಬೇಕಾದ ಚಿಕ್ಕ ವೂಫರ್‌ಗೆ ಆ ನಷ್ಟ ಪರವಾಗಿಲ್ಲ. ಗಂಟೆಗಟ್ಟಲೆ ಜೋರಾಗಿ ನುಡಿಯಬೇಕಾದ ವೇದಿಕೆಯ ಸ್ಪೀಕರ್‌ಗಾದರೆ ನಾನು ಎರಡು ಕಾಯಿಲ್‌ನದನ್ನೇ ಆರಿಸುತ್ತೇನೆ.