ಚೀಟಿ ಎತ್ತಿ ಪಾಸ್ಟರ್ ಆಗುತ್ತಿದ್ದವರಿಗೆ ಸೆಮಿನರಿ ಬಂದದ್ದು ಹೇಗೆ?

ಮೇಜಿನ ಮೇಲೆ ಸಾಲಾಗಿ ಒಂದೇ ಥರದ ಹಾಡಿನ ಪುಸ್ತಕಗಳು. ಎಷ್ಟು ಜನರ ಹೆಸರು ಬಂದಿದೆಯೋ ಅಷ್ಟು ಪುಸ್ತಕ. ಒಂದರೊಳಗೆ ಮಾತ್ರ ಬೈಬಲ್ ವಚನ ಬರೆದ ಚೀಟಿ. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ಎತ್ತಿಕೊಳ್ಳುತ್ತಾರೆ. ಚೀಟಿ ಸಿಕ್ಕವನೇ ಇನ್ನು ಸಭೆಯ ಪಾಸ್ಟರ್, ಬದುಕಿರುವವರೆಗೂ. ಸಂಬಳ ಇಲ್ಲ, ಓದೂ ಬೇಕಿಲ್ಲ. ನಿನ್ನೆವರೆಗೆ ಹಾಲು ಕರೆಯುತ್ತಿದ್ದವನು ನಾಳೆಯೂ ಕರೆಯುತ್ತಾನೆ, ಭಾನುವಾರ ಪ್ರಸಂಗವನ್ನೂ ಮಾಡುತ್ತಾನೆ.

ಅಮೆರಿಕದ ಎಷ್ಟೋ ಮೆನ್ನೊನೈಟ್ ಸಭೆಗಳಲ್ಲಿ ತಲೆಮಾರುಗಟ್ಟಲೆ ನಡೆದ ಪದ್ಧತಿ ಇದು. ಮೆನ್ನೊನೈಟರು ಅಂದರೆ ದೊಡ್ಡವರಾದ ಮೇಲೇ ದೀಕ್ಷಾಸ್ನಾನ, ಯುದ್ಧ ಬೇಡ ಎನ್ನುವ ಒಂದು ಕ್ರೈಸ್ತ ಪಂಥ. ಆಧಾರ ಅಪೊಸ್ತಲರ ಕೃತ್ಯಗಳಲ್ಲೇ ಇದೆ: ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟು ಹಾಕಿಯೇ. ಇದೇ ಮೂಲದ ಇನ್ನೊಂದು ಪಂಗಡವಾದ ಅಮಿಶ್ ಜನ ಇವತ್ತಿಗೂ ಹೀಗೇ ಮಾಡುತ್ತಾರೆ.

ಓದಿದ ಪಾದ್ರಿಗಳ ಮೇಲೆ ಮೆನ್ನೊನೈಟರಿಗೆ ಯಾಕಿಷ್ಟು ಅನುಮಾನ? ವಿಚಿತ್ರ ಅಂದರೆ, ಈ ಪಂಥ ಹುಟ್ಟಿದ ಅನಾಬ್ಯಾಪ್ಟಿಸ್ಟ್ (ಮರುದೀಕ್ಷಾಸ್ನಾನದ) ಚಳವಳಿ ಶುರು ಮಾಡಿದವರು ಚೆನ್ನಾಗಿ ಓದಿದವರೇ. 1525ರಲ್ಲಿ ಜ್ಯೂರಿಕ್‌ನಲ್ಲಿ ದೊಡ್ಡವರಿಗೆ ದೀಕ್ಷಾಸ್ನಾನ (ಆಗ ಅದು ಅಪರಾಧ) ಕೊಟ್ಟ ಕಾನ್ರಾಡ್ ಗ್ರೆಬೆಲ್ ವಿಯೆನ್ನಾ, ಪ್ಯಾರಿಸ್‌ನಲ್ಲಿ ಓದಿದ್ದ. ಬಾಲ್ತಸಾರ್ ಹುಬ್ಮಯರ್ ದೇವತಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಪಂಥಕ್ಕೆ ಹೆಸರು ಕೊಟ್ಟ ಮೆನ್ನೊ ಸೈಮನ್ಸ್ 1536ರವರೆಗೆ ಕ್ಯಾಥೊಲಿಕ್ ಪಾದ್ರಿ. ಆದರೆ ಗ್ರೆಬೆಲ್ 1526ರಲ್ಲೇ ತೀರಿಕೊಂಡ. ಹುಬ್ಮಯರ್‌ನನ್ನು 1528ರಲ್ಲಿ ವಿಯೆನ್ನಾದಲ್ಲಿ ಸುಟ್ಟರು. ಕೆಲವೇ ವರ್ಷಗಳಲ್ಲಿ ಓದಿದ ನಾಯಕರು ಹೆಚ್ಚುಕಡಿಮೆ ಇಲ್ಲವಾದರು. ಸಭೆ ರೈತರ, ಕಸುಬುದಾರರ ಕೈಗೆ ಬಂತು. ಅವರನ್ನು ನಿಲ್ಲಿಸಿ ಪ್ರಶ್ನೆ ಕೇಳಿ ತಪ್ಪು ಹೊರಿಸಿದವರಲ್ಲಿ ವಿಶ್ವವಿದ್ಯಾಲಯದಲ್ಲಿ ಓದಿದ ಪಾದ್ರಿಗಳೂ ಇದ್ದರು. ಅನುಮಾನ ಬೇರುಬಿಟ್ಟದ್ದು ಅಲ್ಲಿ.

ನೆದರ್‌ಲೆಂಡ್ಸ್‌ನಲ್ಲಿ ಹಿಂಸೆ ಬೇಗ ನಿಂತಿತು. ಅಲ್ಲಿ 1735ರಲ್ಲೇ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಸೆಮಿನರಿ ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ ಬಂತು. ಅಮೆರಿಕದಲ್ಲಿ ಮೊದಲ ಪ್ರಯತ್ನ 1868ರಲ್ಲಿ, ಒಹಾಯೊದ ವಾಡ್ಸ್‌ವರ್ತ್‌ನಲ್ಲಿ. ಸಾಲ, ಒಳಜಗಳ, ಹತ್ತೇ ವರ್ಷಕ್ಕೆ ಬಾಗಿಲು. ಒಹಾಯೊದ್ದೇ ಬ್ಲಫ್ಟನ್‌ನ ವಿಟ್ಮಾರ್ಸಮ್ ಸೆಮಿನರಿ 1921ರಿಂದ 1931ರವರೆಗೆ ಬಾಳಿತು. ಇಂಡಿಯಾನಾದಲ್ಲಿದ್ದ ಮೆನ್ನೊನೈಟರ ಗೋಶನ್ ಕಾಲೇಜನ್ನಂತೂ, ಹೊಸ ವಿಚಾರ ಜಾಸ್ತಿಯಾಯ್ತು ಎಂಬ ಗಲಾಟೆಯಲ್ಲಿ, 1923–24ರಲ್ಲಿ ಒಂದು ವರ್ಷ ಮುಚ್ಚಿಯೇ ಬಿಟ್ಟರು.

ಗಾಳಿ ತಿರುಗಿದ್ದು ಎರಡನೇ ಮಹಾಯುದ್ಧದಲ್ಲಿ. ಬಂದೂಕು ಹಿಡಿಯಲ್ಲ ಎಂದ ಸಾವಿರಾರು ಮೆನ್ನೊನೈಟ್ ಹುಡುಗರು ಅದರ ಬದಲು ಕಾಡಿನ ಬೆಂಕಿ ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಯುದ್ಧ ಯಾಕೆ ಬೇಡ ಎಂದು ಹೊರಗಿನವರು ಕೇಳಿದಾಗ ಅಪ್ಪ ಹೇಳಿದ್ದರು ಅಂದರೆ ಸಾಲದು ಅಲ್ವಾ? 1943ರಲ್ಲಿ ಗೋಶನ್ ಕಾಲೇಜಿನ ಪ್ರಾಧ್ಯಾಪಕ ಹೆರಾಲ್ಡ್ ಬೆಂಡರ್ ಒಂದು ಭಾಷಣದಲ್ಲಿ ಉತ್ತರ ಕೊಟ್ಟರು: ಕ್ರಿಸ್ತನ ಹಿಂದೆ ನಡೆಯುವುದು, ಅಣ್ಣತಮ್ಮಂದಿರಂತೆ ಬಾಳುವುದು, ಹಿಂಸೆಗೆ ಹಿಂಸೆ ಎನ್ನದಿರುವುದು, ಇದೇ ನಮ್ಮ ಹಿರಿಯರ ನಂಬಿಕೆ. ಓದು ಪಂಥವನ್ನು ಕೆಡಿಸುವುದಿಲ್ಲ, ಉಳಿಸಬಲ್ಲದು ಎಂಬ ಧೈರ್ಯ ಬಂದದ್ದು ಇಲ್ಲಿಂದಲೇ ಎಂದು ನನಗನಿಸುತ್ತದೆ. 1958ರಲ್ಲಿ ಮೆನ್ನೊನೈಟರ ಎರಡು ಪಂಗಡಗಳ ಸೆಮಿನರಿಗಳು ಕೈಜೋಡಿಸಿದವು. ಈಗ ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿರುವ ಅನಾಬ್ಯಾಪ್ಟಿಸ್ಟ್ ಮೆನ್ನೊನೈಟ್ ಬಿಬ್ಲಿಕಲ್ ಸೆಮಿನರಿ ಅದೇ.

ಆದರೆ ಓದಿನ ಜೊತೆ ಅಧಿಕಾರವೂ ಬರುತ್ತದೆ ಎಂಬ ಹಳಬರ ಭಯ ಪೂರ್ತಿ ಸುಳ್ಳಾಗಲಿಲ್ಲ. ಅಲ್ಲಿ ಪಾಠ ಹೇಳುತ್ತಿದ್ದ ಜಾನ್ ಹೋವರ್ಡ್ ಯೋಡರ್ ಶಾಂತಿವಾದದ ದೊಡ್ಡ ಹೆಸರು. ವಿದ್ಯಾರ್ಥಿನಿಯರೂ ಸೇರಿ ಹಲವು ಮಹಿಳೆಯರಿಗೆ ಲೈಂಗಿಕ ಕಿರುಕುಳ ಕೊಟ್ಟದ್ದೂ ಇದೇ ಮನುಷ್ಯ. ಆಡಳಿತಕ್ಕೆ ಗೊತ್ತಿತ್ತು. 1984ರಲ್ಲಿ ಕೆಲಸ ಬಿಡಿಸಿದರೂ ಯಾಕೆಂದು ಬಹಿರಂಗವಾಗಿ ಹೇಳಲಿಲ್ಲ. ಸೆಮಿನರಿ ಎಲ್ಲರೆದುರು ತನ್ನ ತಪ್ಪು ಒಪ್ಪಿಕೊಂಡದ್ದು 2015ರ ಮಾರ್ಚ್‌ನಲ್ಲಿ, ಯೋಡರ್ ಸತ್ತು ಹದಿನೇಳು ವರ್ಷ ಕಳೆದ ಮೇಲೆ.