ಸೇವಂತಿಗೆಯ ಕುಡಿ ಚಿವುಟಿದರೆ ಕವಲು ಒಡೆಯುವುದೇಕೆ?

ಪ್ರಶ್ನೆ: ನಮ್ಮ ಕುಂಡದ ಸೇವಂತಿಗೆ ಒಂದೇ ಕಡ್ಡಿಯಾಗಿ ಎತ್ತರ ಹೋಗುತ್ತಿದೆ. ಕುಡಿ ಚಿವುಟಿದರೆ ಪೊದೆಯಾಗುತ್ತದೆ ಎನ್ನುತ್ತಾರೆ. ಬೆಳೆಯುವ ತುದಿಯನ್ನೇ ತೆಗೆದರೆ ಗಿಡ ಹರಡಿಕೊಳ್ಳುವುದು ಹೇಗೆ? ಕೆಲವು ಹೂಗಿಡಗಳು ಚಿವುಟದೆಯೂ ಕವಲೊಡೆಯುವುದೇಕೆ?

ಉತ್ತರ: ಚಿವುಟುವ ಮೊದಲು ಗಿಡವನ್ನು ಹತ್ತಿರದಿಂದ ನೋಡಿ. ಎಲೆಯ ತೊಟ್ಟು ಕಾಂಡವನ್ನು ಸೇರುವ ಸಂದಿನಲ್ಲಿ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕದಾದ ಹಸಿರು ಉಬ್ಬೊಂದು ಕಾಣುತ್ತದೆ. ಅದೇ ಕಂಕುಳ ಮೊಗ್ಗು. ಎಲೆಗಳನ್ನೂ ಹೂವನ್ನೂ ಬಿಡಬಲ್ಲ ಕವಲೊಂದು ಆಗಲೇ ಅದರೊಳಗೆ ಸಿದ್ಧವಾಗಿ ಕುಳಿತಿದೆ. ಅದನ್ನು ಬೆಳೆಯಗೊಡದೆ ತಡೆದಿರುವುದು ಗಿಡದ ತುದಿ.

ತುದಿಯ ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದ ಮೂಲಕ ಕೆಳಕ್ಕೆ ಹರಿಯುತ್ತದೆ. ತುದಿ ಕತ್ತರಿಸಿದ ಗಿಡದ ಗಾಯದ ಮೇಲೆ ಆಕ್ಸಿನ್ ಇಟ್ಟರೆ ಪಕ್ಕದ ಮೊಗ್ಗುಗಳು ಬೆಳೆಯದೆ ಉಳಿಯುತ್ತವೆ ಎಂಬುದನ್ನು ಸಸ್ಯವಿಜ್ಞಾನಿಗಳಾದ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ 1933ರಲ್ಲಿಯೇ ತೋರಿಸಿದರು. ವಿಚಿತ್ರವೆಂದರೆ, ಹೀಗೆ ಇಳಿದುಬರುವ ಆಕ್ಸಿನ್ ಮೊಗ್ಗಿನೊಳಗೆ ಹೋಗುವುದಿಲ್ಲ. ಅದು ಕಾಂಡದಲ್ಲಿದ್ದುಕೊಂಡೇ ಮೊಗ್ಗನ್ನು ಎಬ್ಬಿಸುವ ಸೈಟೊಕೈನಿನ್‌ನ ತಯಾರಿಕೆಯನ್ನು ಕುಗ್ಗಿಸಿ, ಮೊಗ್ಗನ್ನು ಅದುಮಿಡುವ ಸ್ಟ್ರೈಗೊಲ್ಯಾಕ್ಟೋನ್‌ನ ತಯಾರಿಕೆಯನ್ನು ಹೆಚ್ಚಿಸುತ್ತದೆ. ತುದಿ ಚಿವುಟಿದಾಗ ಈ ತಡೆ ಸಡಿಲಗೊಂಡು ಮೊಗ್ಗು ಏಳುತ್ತದೆ.

ಸ್ಟ್ರೈಗೊಲ್ಯಾಕ್ಟೋನ್ ಎಂಬ ಈ ಮೂರನೆಯ ಹಾರ್ಮೋನಿನ ಕಥೆಯಲ್ಲಿ ಪೆಟೂನಿಯಾ ಎಂಬ ಹೂಗಿಡಕ್ಕೆ ದೊಡ್ಡ ಪಾತ್ರವಿದೆ, ಮತ್ತು ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಪ್ರಯೋಗವೂ ಅದರದ್ದೇ. ಡ್ಯಾಡ್1 ಎಂಬ ಜೀನು ಕೆಟ್ಟಿರುವ ಪೆಟೂನಿಯಾ ಗಿಡ್ಡವಾಗಿ, ಬುಡದಿಂದಲೇ ವಿಪರೀತ ಕವಲೊಡೆಯುತ್ತದೆ. ಅದರ ಕುಡಿಯನ್ನು ಸಾಮಾನ್ಯ ಪೆಟೂನಿಯಾದ ಬೇರಿಗೆ ಕಸಿ ಕಟ್ಟಿದಾಗ ಕವಲುಗಳು ಕಡಿಮೆಯಾಗಿ ಗಿಡ ಸಹಜ ರೂಪಕ್ಕೆ ಮರಳಿತು. ಕವಲನ್ನು ತಡೆಯುವ ಯಾವುದೋ ವಸ್ತು ಬೇರಿನ ಕಡೆಯಿಂದ ಮೇಲಕ್ಕೆ ಬರುತ್ತಿದೆ ಎಂಬುದು ಇದರಿಂದ ಖಚಿತವಾಯಿತು. ಆ ವಸ್ತು ಸ್ಟ್ರೈಗೊಲ್ಯಾಕ್ಟೋನ್ ಬಳಗದ್ದು ಎಂದು ಬಟಾಣಿ ಮತ್ತು ಭತ್ತದ ಅಧ್ಯಯನಗಳಿಂದ 2008ರಲ್ಲಿ ತಿಳಿಯಿತು. ಡ್ಯಾಡ್2 ಕೆಟ್ಟ ಗಿಡವಾದರೋ ಇಂಥ ಕಸಿಯಿಂದ ಸರಿಹೋಗುವುದಿಲ್ಲ, ಏಕೆಂದರೆ ಆ ಜೀನು ಹಾರ್ಮೋನನ್ನು ಗುರುತಿಸುವ ಗ್ರಾಹಕವನ್ನು ರೂಪಿಸುತ್ತದೆ. ಸಂದೇಶ ಬಂದರೂ ಕೇಳಿಸಿಕೊಳ್ಳುವ ಕಿವಿ ಇಲ್ಲ. ಚಿವುಟದೆಯೂ ಕೆಲವು ಗಿಡಗಳು ಹರಡಿಕೊಳ್ಳುವುದಕ್ಕೆ ಇಂಥ ಜೀನುಗಳ ವ್ಯತ್ಯಾಸವೂ ಒಂದು ಕಾರಣ.

ಮೊಗ್ಗಿನೊಳಗೆ ಈ ಸಂದೇಶಗಳು ಕೂಡುವ ಜಾಗ ಬಿಆರ್‌ಸಿ1 ಎಂಬ ಜೀನು. ಅದು ಚುರುಕಾಗಿದ್ದರೆ ಮೊಗ್ಗು ಮಲಗಿರುತ್ತದೆ. ಸ್ಟ್ರೈಗೊಲ್ಯಾಕ್ಟೋನ್ ಅದರ ಚಟುವಟಿಕೆಯನ್ನು ಏರಿಸುತ್ತದೆ, ಸೈಟೊಕೈನಿನ್ ಇಳಿಸುತ್ತದೆ. ಸಕ್ಕರೆಯೂ ಇಳಿಸುತ್ತದೆ: ತುದಿ ಕಡಿದ ಬಟಾಣಿಯಲ್ಲಿ ಆಕ್ಸಿನ್ ಕುಸಿಯುವುದಕ್ಕೂ ಮುಂಚೆ ಸಕ್ಕರೆ ಮೊಗ್ಗನ್ನು ತಲುಪಿ ಎಬ್ಬಿಸುತ್ತದೆ ಎಂಬುದು 2014ರಲ್ಲಿ ಕಂಡುಬಂತು. ‘ತುದಿಗೆ ಹೋಗುವ ಆಹಾರ ಪಕ್ಕಕ್ಕೆ ತಿರುಗುತ್ತದೆ’ ಎನ್ನುವ ಹಿರಿಯ ಬೆಳೆಗಾರರ ಮಾತನ್ನು ಆದ್ದರಿಂದ ತಳ್ಳಿಹಾಕುವಂತಿಲ್ಲ.

ನಿಮ್ಮ ಗಿಡ ಬೇರೂರಿ ಹೊಸ ಎಲೆ ಬಿಡತೊಡಗಿದ ಮೇಲೆ, ಕೆಳಗೆ ಆರೋಗ್ಯವಂತ ಎಲೆಗಳನ್ನು ಉಳಿಸಿಕೊಂಡು, ತುದಿಯ ಮೆತ್ತನೆಯ ಭಾಗವನ್ನಷ್ಟೇ ಚಿವುಟಿ. ಉಳಿದ ಪ್ರತಿ ಎಲೆಯ ಸಂದಿನಲ್ಲೂ ಒಂದು ಕವಲಿನ ಅವಕಾಶವಿದೆ. ಕುಂಡಗಳನ್ನು ಒತ್ತೊತ್ತಾಗಿ ಇಡಬೇಡಿ. ಪಕ್ಕದ ಗಿಡದ ಎಲೆಗಳು ಕೆಂಪು ಬೆಳಕನ್ನು ಹೀರಿ ದೂರಕೆಂಪು (ಕೆಂಪಿನ ಆಚೆಯ ಅಂಚಿನ) ಬೆಳಕನ್ನು ಬಿಟ್ಟುಕೊಡುತ್ತವೆ. ಆ ಬದಲಾವಣೆಯನ್ನು ನೆರಳೆಂದು ಗ್ರಹಿಸಿದ ಗಿಡದಲ್ಲಿ ಬಿಆರ್‌ಸಿ1 ಮತ್ತೆ ಏರಿ, ಚಿವುಟಿದ ಮೇಲೆ ಎದ್ದ ಮೊಗ್ಗುಗಳಲ್ಲೂ ಕೆಲವು ಅಲ್ಲಿಯೇ ನಿಂತುಬಿಡಬಹುದು.